ಮಲ್ಲಿಗೆ ಮುಡಿದ ಬಂಗುಡೆ

ನಮ್ಮ ಮನೆ ನಾರುತ್ತಿತ್ತು. ಬಾಲ್ಯದ ಮನೆ ಎಂದ ಕೂಡಲೇ ಜನ ತುಳಸಿಕಟ್ಟೆ, ತೂಗುಮಂಚ, ಅಜ್ಜಿ ಹೇಳಿದ ಕತೆ ಎಂದು ಶುರು ಮಾಡುತ್ತಾರೆ. ನಮ್ಮಲ್ಲಿ ಅದ್ಯಾವುದೂ ಇರಲಿಲ್ಲ. ಕುಂದಾಪುರದ ಬದಿಯ ಕಡಲಕರೆ, ಹೊಯ್ಗೆಯ ಮೇಲೆ ತೆಂಗಿನ ಮಡಲು ಹೊದೆಸಿದ ಎರಡು ಕೋಣೆ. ಒಂದರಲ್ಲಿ ನಾವು ಮಲಗುತ್ತಿದ್ದೆವು, ಇನ್ನೊಂದರಲ್ಲಿ ಉಪ್ಪು ಹಾಕಿದ ಮೀನು ಮಲಗುತ್ತಿತ್ತು. ಮೀನಿನ ಕೋಣೆಯೇ ದೊಡ್ಡದು. ಸೂರು ಸೋರಿದರೆ ಅಬ್ಬಿ, ಅಂದರೆ ನನ್ನ ತಾಯಿ, ಮೊದಲು ಮೀನಿನ ಮೇಲೆ ಚಾಪೆ ಹೊದೆಸುತ್ತಿದ್ದಳು, ಆಮೇಲೆ ನಮ್ಮ ಮೇಲೆ. ಅಪ್ಪಯ್ಯ ದೋಣಿಗೆ ಹೋಗುತ್ತಿದ್ದ, ಬರುತ್ತಿದ್ದ, ಬಂದರೆ ಮಲಗುತ್ತಿದ್ದ. ಮನೆ ನಡೆಸಿದ್ದು ಅಬ್ಬಿಯ ತಲೆಯ ಮೇಲಿನ ಮೀನಿನ ಹೆಡಿಗೆ. ಊಟ ಎಂದರೆ ಕುಚ್ಚಲಕ್ಕಿ ಗಂಜಿ, ಕೆಂಡದಲ್ಲಿ ಸುಟ್ಟ ಒಣಬಂಗುಡೆ, ಮೇಲೆ ನಾಲ್ಕು ತೊಟ್ಟು ತೆಂಗಿನೆಣ್ಣೆ. ಬಂಗುಡೆ ಸುಟ್ಟ ಹೊಗೆ ಸೂರಿನ ಮಡಲಿಗೆ, ಚಾಪೆಗೆ, ಅಬ್ಬಿಯ ಸೀರೆಗೆ, ನನ್ನ ಜಡೆಗೆ ಹತ್ತಿಕೊಳ್ಳುತ್ತಿತ್ತು. ನಮಗೆ ಅದು ವಾಸನೆ ಎಂದೇ ಗೊತ್ತಿರಲಿಲ್ಲ. ಮನೆ ಎಂದರೆ ಹಾಗೆಯೇ ಇರುತ್ತದೆ ಎಂದುಕೊಂಡಿದ್ದೆ. ನಾರುವುದು ಎಂಬ ಮಾತನ್ನು ನಾನು ಕಲಿತದ್ದು ಶಾಲೆಯಲ್ಲಿ. ಕಲಿತ ಬೇರೆ ಪಾಠವೆಲ್ಲ ಮರೆತುಹೋಯಿತು, ಅದೊಂದು ಉಳಿಯಿತು.

ಮಾಸ್ತರು ನನ್ನನ್ನು ಕೊನೆಯ ಬೆಂಚಿನಲ್ಲಿ, ಬಾಗಿಲ ಬುಡದಲ್ಲಿ ಕೂರಿಸಿದರು. ಅಲ್ಲಿ ಗಾಳಿ ಬರುತ್ತದಂತೆ. ಬಸ್ಸಿನಲ್ಲಿ ಅಬ್ಬಿಯನ್ನೂ ಕಂಡಕ್ಟರು ಹಿಂದಿನ ಸೀಟಿಗೇ ಅಟ್ಟುತ್ತಿದ್ದ, ಹಾಗಾಗಿ ಇದು ನಮಗೆ ಬರೆದದ್ದೇ ಎಂದು ನಾನು ಸುಮ್ಮನೆ ಕೂತೆ. ಹೊಟ್ಟೆ ಉರಿದದ್ದು ಬೇರೆ ವಿಷಯಕ್ಕೆ. ಒಣಮೀನಿನ ಸಾಹುಕಾರರ ಮಗಳೂ ನಮ್ಮ ಕ್ಲಾಸಿನಲ್ಲೇ ಇದ್ದಳು. ಅವರ ಮನೆ ಮತ್ತು ಗೋದಾಮು ಒಂದೇ ಗೋಡೆ. ಅಬ್ಬಿ ಒಣಗಿಸಿದ ಮೀನೆಲ್ಲ ಹೋಗಿ ಬೀಳುತ್ತಿದ್ದದ್ದು ಅಲ್ಲಿಗೆ. ಅವಳು ನನ್ನಷ್ಟೇ ನಾರುತ್ತಿದ್ದಳು, ಸ್ವಲ್ಪ ಹೆಚ್ಚೇ. ಆದರೆ ಅವಳು ಮೊದಲ ಬೆಂಚು. ಅವಳಪ್ಪನಿಗೆ ಲಾರಿ ಇತ್ತು. ಲಾರಿ ಇರುವವರ ಮೀನು ನಾರುವುದಿಲ್ಲ.

ನಾನು ಹೋಗಿ ಅಬ್ಬಿಗೆ ಹೇಳಿದೆ. ಅಬ್ಬಿ ಮೀನಿಗೆ ಉಪ್ಪು ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

"ನಾರ್ತಿತ್ತಾ? ನಾರ್ಲಿ. ನಾರ್ದೆ ಅನ್ನ ಬತ್ತಿಲ್ಲೆ."

ಹೇಳಿದ್ದು ಹಾಗೆ, ಮಾಡಿದ್ದು ಬೇರೆ. ಮರುದಿನ ಹೂವಿನವಳಿಗೆ ಮೀನು ಕೊಟ್ಟು ಒಂದು ಮೊಳ ಮಲ್ಲಿಗೆ ತಂದಳು. ನನ್ನ ತಲೆಗೆ ಸೀಗೆ ಹಾಕಿ ತಿಕ್ಕಿ, ಜಡೆ ಬಿಗಿದು, ಆ ಮಲ್ಲಿಗೆ ಮುಡಿಸಿ ಕಳಿಸಿದಳು. ನಾನು ರಾಣಿಯ ಹಾಗೆ ಹೋದೆ. ಶಾಲೆಯ ಅಂಗಳ ದಾಟುವ ಮೊದಲೇ ಹುಡುಗರು ಕೂಗಿದರು:

"ಹೋಯ್, ಮಲ್ಲಿಗೆ ಮುಡಿದ ಬಂಗುಡೆ ಬಂತ್ ಕಾಣಿ!"

ಮಾಸ್ತರೂ ನಕ್ಕರು. ಬರೀ ಮೀನು ನಾರಿದರೆ ಜನ ಮೂಗು ಮುಚ್ಚುತ್ತಾರೆ. ಮೀನು ಮಲ್ಲಿಗೆ ಮುಡಿದು ಬಂದರೆ ನಗುತ್ತಾರೆ. ಮುಚ್ಚಲು ನೋಡಿದ್ದಕ್ಕೇ ಹೆಚ್ಚು ಕಾಣಿಸಿತು. ಮನೆಗೆ ಬರುವ ದಾರಿಯಲ್ಲಿ ಹೂವನ್ನು ಹೊಳೆಗೆ ಎಸೆದೆ, ಇನ್ನು ಶಾಲೆಗೆ ಹೋಗುವುದಿಲ್ಲ ಎಂದೆ. ಅಬ್ಬಿ ಕೆನ್ನೆಗೆ ಬಾರಿಸಿದಳು.

"ಶಾಲಿ ಬಿಟ್ರೆ ಬಿಡ್. ಹೂ ಎಂತಕ್ಕೆ ಬಿಸಾಡ್ದೆ?"

ಮಾರನೆಯ ದಿನದಿಂದ ಕಾಗೆ ಓಡಿಸುವ ಕೋಲು ನನ್ನ ಕೈಗೆ ಬಂತು. ಒಣಹಾಕಿದ ಮೀನಿನ ಪಕ್ಕ ಕೂತು ಕಾಗೆ ಅಟ್ಟುವುದು. ನಾನು ತಯಾರಾದದ್ದು ಆ ಹೊಯ್ಗೆಯ ಮೇಲೆಯೇ. ಕಾಗೆಗೂ ಮನುಷ್ಯರಿಗೂ ದೊಡ್ಡ ವ್ಯತ್ಯಾಸ ಇಲ್ಲ, ಕಾಗೆ ಮೂಗು ಮುಚ್ಚುವುದಿಲ್ಲ ಅಷ್ಟೆ.

ಇಷ್ಟು ಹೇಳದೆ ಜರ್ಮನಿಯ ಎರ್ಲಾಂಗೆನ್ನಿನ ಮನೆಯ ಕತೆ ಹೇಳಲು ಬರುವುದಿಲ್ಲ. ನನ್ನ ಮಗಳು ಶೈಲಜಾ ಅಲ್ಲಿ ಇಂಜಿನಿಯರು. ನಾನು ಬೊಂಬಾಯಿಯಲ್ಲಿ ಗಂಡನ ಜೊತೆ ಇದ್ದು, ಮೀನು ಮಾರ್ಕೆಟಿನಲ್ಲಿ ಕೂತು ಓದಿಸಿದ ಮಗಳು. ಅಳಿಯ ದಿನೇಶ ಬೆಂಗಳೂರಿನವನು, ಮೊಟ್ಟೆಯನ್ನೂ ಮುಟ್ಟದ ಮನೆಯವನು. ಮದುವೆಯಾದ ಮೇಲೆ ಮಗಳೂ ಮುಟ್ಟುವುದಿಲ್ಲ. ಮುಟ್ಟದಿದ್ದರೆ ಬೇಡ, ಅವಳ ನಾಲಿಗೆ ಅವಳದು. ಆದರೆ ತನ್ನ ಅಮ್ಮ ಮೀನು ಮಾರಿದವಳು ಎಂದು ಅಲ್ಲಿನ ಕನ್ನಡದವರ ಹತ್ತಿರ ಹೇಳುವುದಿಲ್ಲ. "ಬಾಂಬೆಯಲ್ಲಿ ಬಿಸಿನೆಸ್ ಇತ್ತು" ಎನ್ನುತ್ತಾಳೆ. ಗಂಡನ ಎದುರು ಬೆಂಗಳೂರಿನ ಕನ್ನಡ, ನಾವಿಬ್ಬರೇ ಇದ್ದರೆ ಕುಂದಾಪುರದ್ದು. ಸಿಟ್ಟು ಬಂದರೆ ಮಾತ್ರ ಯಾರು ಎದುರಿದ್ದರೂ ಕುಂದಾಪುರದ್ದೇ. ನಾನು ಹೋಗುವುದು ಮೂರು ತಿಂಗಳ ವೀಸಾದಲ್ಲಿ, ಮೊಮ್ಮಗಳನ್ನು ನೋಡಿಕೊಳ್ಳಲು. ಮೊಮ್ಮಗಳಿಗೆ ನಾನು ಕನ್ನಡದಲ್ಲಿ ಬೈದರೆ ಅವಳು ಜರ್ಮನಿನಲ್ಲಿ ತಿರುಗಿ ಬೈಯುತ್ತಾಳೆ. ನಮ್ಮಿಬ್ಬರಿಗೂ ಅರ್ಥವಾಗುತ್ತದೆ.

ಆ ಕಟ್ಟಡದಲ್ಲಿ ಮೇಲಿನ ಮಾಳಿಗೆಯಲ್ಲಿ ಮನೆಯೊಡತಿ, ನನ್ನದೇ ಪ್ರಾಯದ ಜರ್ಮನ್ ಮುದುಕಿ, ಒಂದು ನಾಯಿ. ಅದರ ಕೆಳಗೆ ಒಂದು ಜರ್ಮನ್ ಗಂಡಹೆಂಡತಿ. ಅದರ ಕೆಳಗೆ ನಾವು. ನೆಲಮಟ್ಟದಲ್ಲಿ ಆ ವರ್ಷ ಇಬ್ಬರು ಸೊಮಾಲಿ ಹೆಂಗಸರು ಬಂದಿದ್ದರು. ಹೋದನ್ ಎಂಬವಳಿಗೆ ಮೂವತ್ತರ ಆಚೀಚೆ, ಸಹ್ರಾ ನನಗೆ ತಂಗಿಯಾಗುವ ಪ್ರಾಯದವಳು. ಒಂದೇ ದೋಣಿಯಲ್ಲಿ ಸಮುದ್ರ ದಾಟಿದವರು, ಅದರಿಂದಲೇ ಸಂಬಂಧ. ಹೋದನ್ ಅವಳನ್ನು ಅತ್ತೆ ಎನ್ನುತ್ತಿದ್ದಳು. ಅದಕ್ಕೆ ಮೊದಲು ಇಬ್ಬರೂ ಊರ ಹೊರಗಿನ ಹೈಮಿನಲ್ಲಿದ್ದರಂತೆ. ಹೈಮ್ ಎಂದರೆ ಓಡಿಬಂದವರನ್ನು ತುಂಬುವ ಕಟ್ಟಡ. ಒಂದು ಕೋಣೆಗೆ ಎರಡು ಸಂಸಾರ, ನಡುವೆ ಪರದೆ. ಬಚ್ಚಲಿನ ಬಾಗಿಲಿಗೆ ಚಿಲಕವಿಲ್ಲದೆ ಒಬ್ಬಳು ಸ್ನಾನ ಮಾಡುವಾಗ ಇನ್ನೊಬ್ಬಳು ಕಾವಲು ನಿಲ್ಲಬೇಕು. ಹೋದನ್‌ಗೆ ಹತ್ತು ವರ್ಷದ ಮಗಳು, ಹೆಸರು ಇಫ್ರಾ. ನೈರೋಬಿಯಲ್ಲಿ ಅಜ್ಜಿಯ ಹತ್ತಿರ ಬಿಟ್ಟು ಬಂದದ್ದು. ಅವಳನ್ನು ಕರೆಸಿಕೊಳ್ಳಲು ಅಪ್ಪಣೆ ಬರುವ ಹಾಗಿತ್ತು. ಮನೆಯೊಡತಿ ಮನೆ ಕೊಟ್ಟದ್ದು ಒಂದು ವರ್ಷದ ಪರೀಕ್ಷೆಗೆ. ವರ್ಷ ಮುಗಿದ ಮೇಲೆ ಇರಬಹುದೋ ಇಲ್ಲವೋ ಅವಳು ಹೇಳಬೇಕು. ಇಲ್ಲ ಎಂದರೆ ಮತ್ತೆ ಹೈಮ್.

"ಆ ಬಚ್ಚಲಿಗೆ ನನ್ನ ಹುಡುಗಿಯನ್ನು ಕರೆಸಲಾ, ಅಯೇಯೋ? ಅದಕ್ಕಿಂತ ಅವಳು ಅಲ್ಲೇ ಇರಲಿ" ಎಂದು ಹೋದನ್ ನನಗೆ ಹೇಳಿದ್ದಳು.

ಅಯೇಯೋ ಎಂದರೆ ಅವರಲ್ಲಿ ಅಜ್ಜಿ. ಮೊದಲು ನಾನು ಇವಳಿಗೆ ಹೊಟ್ಟೆನೋವೇನೋ ಎಂದುಕೊಂಡಿದ್ದೆ. ಮಾತಾಡುತ್ತಿದ್ದದ್ದು ಹಿಂದಿಯಲ್ಲಿ. ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ನಾನು ಸೀರೆ ಹಿಂಡುತ್ತಿದ್ದಾಗ ಅವಳೇ ಬಂದು ಇನ್ನೊಂದು ತುದಿ ಹಿಡಿದು, ಹಿಂದಿ ಬರುತ್ತದಾ ಎಂದು ಕೇಳಿದಳು. ನೈರೋಬಿಯಲ್ಲಿ ಹಿಂದಿ ಸಿನಿಮಾ ನೋಡಿ ನೋಡಿ ಕಲಿತದ್ದಂತೆ. ಅವಳ ಹಿಂದಿ ಸಿನಿಮಾದ್ದು, ನನ್ನದು ಬೊಂಬಾಯಿ ಮೀನು ಮಾರ್ಕೆಟಿನದ್ದು. ಅವಳು ಬಾಯಿ ಬಿಟ್ಟರೆ ಪ್ರೀತಿ, ನಾನು ಬಾಯಿ ಬಿಟ್ಟರೆ ಜಗಳ. ಆದರೂ ನಡೆಯುತ್ತಿತ್ತು.

ಇವರನ್ನು ಜರ್ಮನಿಗೆ ಹೊಂದಿಸಲು ಒಂದು ದೊಡ್ಡ ಸೈನ್ಯವೇ ಇತ್ತು. ಬೆಳಿಗ್ಗೆ ಭಾಷೆಯ ಕ್ಲಾಸು, ಮಧ್ಯಾಹ್ನ ಹೋದನ್‌ಗೆ ವೃದ್ಧಾಶ್ರಮದಲ್ಲಿ ಪಾತ್ರೆ ತೊಳೆಯುವ ಕೆಲಸ, ವಾರಕ್ಕೊಮ್ಮೆ ಚರ್ಚಿನ ಸಭಾಮನೆಯಲ್ಲಿ ಹೆಂಗಸರ ಕೂಟ. ಒಮ್ಮೆ ನನ್ನನ್ನೂ ಎಳೆದುಕೊಂಡು ಹೋದರು. ಒಬ್ಬ ಬಿಳಿ ಹುಡುಗಿ ಎದ್ದು ನಿಂತು ಕಿಟಕಿ ತೆರೆಯುವುದು ಹೇಗೆ ಎಂದು ಪಾಠ ಮಾಡಿದಳು. ಹೌದು, ಕಿಟಕಿ. ಪೂರ್ತಿ ತೆರೆಯಬೇಕು, ಸ್ವಲ್ಪ ಹೊತ್ತು ಬಿಡಬೇಕು, ಮುಚ್ಚಬೇಕು. ಮನೆ ಸುಟ್ಟು, ಗಂಡ ಸತ್ತು, ಮರಳುಗಾಡು ದಾಟಿ ಬಂದ ಹೆಂಗಸರು ಶಾಲೆಯ ಮಕ್ಕಳ ಹಾಗೆ ಕೂತು ಕಿಟಕಿ ತೆರೆಯುವುದನ್ನು ಕಲಿತರು. ಆಮೇಲೆ ಎಲ್ಲರೂ ಚಪ್ಪಾಳೆ. ಆಮೇಲೆ ಫೋಟೋ. ಫೋಟೋಕ್ಕೆ ತಲೆವಸ್ತ್ರದ ಬಣ್ಣ ಚೆನ್ನಾಗಿರುವವರನ್ನು ಮುಂದೆ ಕರೆದರು. ಥೂ ಎನಿಸಿತು. ಅದರ ಮೇಲೆ, ಹೊರಗಿನಿಂದ ಬಂದು ಉದ್ಧಾರವಾದವಳು ಎಂದು ನನ್ನ ಮಗಳನ್ನು ಭಾಷಣಕ್ಕೆ ಕರೆದಿದ್ದರು. ಅವಳು ಭಾಷೆ ಕಲಿಯಿರಿ, ರೂಲ್ಸು ಪಾಲಿಸಿ, ಕಷ್ಟಪಡಿ ಎಂದಳು. ಅಷ್ಟರಲ್ಲಿ ಸಹ್ರಾ ಕೈ ಎತ್ತಿ ಏನೋ ಕೇಳಿದಳು. ಮಗಳ ಮುಖ ಕೆಂಪಾಯಿತು. ಮನೆಗೆ ಬರುವಾಗ ಏನು ಕೇಳಿದಳೇ ಎಂದೆ.

"ನೀನ್ ಯಾವ್ ದೋಣಿ ಹತ್ತಿ ಬಂದದ್ದ್ ಅಂದೇಳಿ ಕೇಂಡ್ಳ್. ನಾವ್ ಬ್ಲೂ ಕಾರ್ಡ್ ಹಿಡ್ಕಂಡ್ ಬಂದರಮ್ಮ, ಅವ್ರ್ ಹಾಂಗಲ್ಲ. ಎಲ್ರನ್ನೂ ಒಂದೇ ಬುಟ್ಟಿಗ್ ಹಾಕ್ತ್ರ್."

ನಮ್ಮೂರಲ್ಲಿ ಬಣ್ಣದ ಕಾರ್ಡು ಇರುತ್ತಿದ್ದದ್ದು ರೇಷನ್ ಅಂಗಡಿಯ ಸಾಲಿನಲ್ಲಿ ನಿಲ್ಲುವವರಿಗೆ. ಇಲ್ಲಿ ಕಂಪನಿಯವರು ದೊಡ್ಡ ಕೆಲಸಕ್ಕೆ ಕರೆಸಿಕೊಂಡವರಿಗೆ ಕೊಡುತ್ತಾರೆ, ಅವರು ಅದನ್ನು ಎದೆಗೆ ಕಟ್ಟಿಕೊಂಡು ತಿರುಗುತ್ತಾರೆ. ಹೋದನ್ ಕೈಯಲ್ಲಿ ಮೂರು ವರ್ಷ ಇರಬಹುದು ಎಂಬ ಕಾಗದ ಇತ್ತು, ನನ್ನ ಕೈಯಲ್ಲಿ ಮೂರು ತಿಂಗಳದ್ದು. ಲೆಕ್ಕ ಹಾಕಿದರೆ ಆ ಕಟ್ಟಡದಲ್ಲಿ ಎಲ್ಲರಿಗಿಂತ ಕೆಳಗಿನವಳು ನಾನೇ. ಇದನ್ನು ಹೇಳಿದರೆ ಮಗಳಿಗೆ ನಗು ಬರಲಿಲ್ಲ.

ಈ ಹೆಂಗಸರನ್ನು ದೇವತೆಗಳು ಎಂದು ನಾನು ಹೇಳುತ್ತಿಲ್ಲ. ಹೋದನ್‌ಳ ಚಹಾ ಸಕ್ಕರೆಪಾಕ. ಸಹ್ರಾಗೆ ಜಂಬ. ಅವಳ ಅಪ್ಪನಿಗೆ ಎಷ್ಟು ಒಂಟೆ ಇತ್ತು ಎಂದು ಕೇಳಿ ಕೇಳಿ ನನಗೆ ಒಂಟೆಯ ಮೇಲೆಯೇ ಹೇಸಿಗೆ ಬಂದಿತ್ತು. ಹೈಮಿನಿಂದ ಒಬ್ಬ ಸೊಮಾಲಿ ಹೆಂಗಸು ನೋಡಲು ಬಂದರೆ ಸಹ್ರಾ ಅವಳಿಗೆ ಬೇರೆ ಲೋಟದಲ್ಲಿ ನೀರು ಕೊಟ್ಟಳು. ಯಾಕೆ ಎಂದೆ. ಅವಳ ಕುಲ ಬೇರೆ ಎಂದು ಹೋದನ್ ನೆಲ ನೋಡುತ್ತಾ ಹೇಳಿದಳು. ಅಲ್ಲಾ, ಒಂದೇ ಭಾಷೆ, ಒಂದೇ ದೇವರು, ಒಂದೇ ಪ್ರಾಣಭಯ, ಆದರೂ ಲೋಟ ಬೇರೆ. ಇದನ್ನು ದೋಣಿಯಲ್ಲಿ ಹೇಗೆ ಹೊತ್ತು ತಂದರೋ. ಬೇರೆ ಎಲ್ಲ ಸಮುದ್ರಕ್ಕೆ ಬಿತ್ತಂತೆ, ಇದೊಂದು ನೆನೆಯಲೂ ಇಲ್ಲ.

ಸಹ್ರಾ ನನ್ನನ್ನೂ ಬಿಡಲಿಲ್ಲ, ನನ್ನೆದುರು ಮೂಗು ಮುಚ್ಚಿದಳು. ಅದು ಹೀಗೆ. ಊರಿನಿಂದ ಬರುವಾಗ ನಾನು ಒಣಬಂಗುಡೆ, ಒಣಸಿಗಡಿ ಬಿಗಿಯಾಗಿ ಕಟ್ಟಿ ತಂದಿದ್ದೆ. ಅಳಿಯನ ಮನೆಯಲ್ಲಿ ಅದನ್ನು ತೆರೆಯುವಂತಿಲ್ಲ. ಬಿಸಾಡಲು ನಾನೇನು ಹುಚ್ಚಿಯಾ? ಕೆಳಗೆ ಹೋದನ್‌ಳ ಅಡುಗೆಮನೆಯಲ್ಲಿ ಒಂದು ಡಬ್ಬ ಕೇಳಿ ಇಟ್ಟೆ. ಮಗಳು ಅಳಿಯ ಆಫೀಸಿಗೆ ಹೋದ ಮೇಲೆ ಅಲ್ಲಿಗೆ ಇಳಿಯುತ್ತಿದ್ದೆ. ಹೋದನ್ ಬೆಳಿಗ್ಗೆ ಹುಯ್ದ ಅಂಜೇರೋ ಇರುತ್ತಿತ್ತು. ಹುಳಿ ಬಂದ ಹಿಟ್ಟು, ತೂತು ತೂತು, ಒಂದೇ ಬದಿ ಬೇಯಿಸುವುದು. ದೋಸೆಯ ದೊಡ್ಡಪ್ಪನ ಮಗಳು ಎನ್ನಬಹುದು. ನಾನು ಬಂಗುಡೆ ಸುಟ್ಟು ಅದರ ಜೊತೆ ತಿನ್ನುತ್ತಿದ್ದೆ. ಹೋದನ್ ಹೇಗೋ ಸಹಿಸುತ್ತಿದ್ದಳು, ಒಮ್ಮೊಮ್ಮೆ ಒಂದು ಚೂರು ಬಾಯಿಗೂ ಹಾಕುತ್ತಿದ್ದಳು. ಸಹ್ರಾ ತಲೆವಸ್ತ್ರದ ತುದಿಯಿಂದ ಮೂಗು ಮುಚ್ಚಿ ಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದಳು. ಒಂಟೆ ಸಾಕುವವರಿಗೆ ಮೀನು ತಿನ್ನುವವರೆಂದರೆ ಅಷ್ಟಕ್ಕಷ್ಟೇ ಅಂತೆ.

"ಮೀನು ತಿಂದ ಬಾಯಲ್ಲಿ ನನ್ನ ಹತ್ತಿರ ಮಾತಾಡಬೇಡ ಅಂತ ನಮ್ಮಲ್ಲಿ ಬೈಗುಳ ಇದೆ ಅಯೇಯೋ" ಎಂದು ಹೋದನ್ ನಗುತ್ತಾ ಹೇಳಿದಳು.

"ಒಂಟೆ ಹಾಲು ಕುಡಿದ ಬಾಯಿ ಪರಿಮಳವಾ? ಕೇಳು ಅವಳನ್ನು" ಎಂದೆ.

ನಾನು ಎದ್ದು ಬಂದ ಕೂಡಲೇ ಸಹ್ರಾ ಊನ್ಸಿ ಹಾಕುತ್ತಿದ್ದಳು. ಅದು ಅವರ ಧೂಪ. ಸಕ್ಕರೆ, ಅತ್ತರು, ಯಾವ್ಯಾವುದೋ ಅಂಟು ಸೇರಿಸಿ ಮಾಡಿದ್ದು. ಮಣ್ಣಿನ ಪುಟ್ಟ ಒಲೆಯಲ್ಲಿ ಕೆಂಡ ಇಟ್ಟು ಅದರ ಮೇಲೆ ಉದುರಿಸುತ್ತಾರೆ. ಅಡುಗೆಯಾದ ಮೇಲೆ ಮನೆಯಲ್ಲಿ ಊಟದ ವಾಸನೆ ಉಳಿಯಬಾರದು ಎಂಬುದು ಅವರ ಹೆಂಗಸರ ಮರ್ಯಾದೆ. ಬಟ್ಟೆಗೂ ಅದೇ ಹೊಗೆ, ತಲೆಕೂದಲಿಗೂ ಅದೇ. ಮಾಮೂಲಿ ದಿನಗಳಲ್ಲಿ ಒಂದು ಚಿಟಿಕೆ ಸಾಕು. ನನ್ನ ಬಂಗುಡೆಯನ್ನು ಓಡಿಸಲು ಸಹ್ರಾ ಮುಷ್ಟಿಗಟ್ಟಲೆ ಹಾಕುತ್ತಿದ್ದಳು. ಪಾಠ ಕಲಿತ ಹಾಗೆ ಕಿಟಕಿಯನ್ನೂ ಪೂರ್ತಿ ತೆರೆಯುತ್ತಿದ್ದಳು, ಗಾಳಿಗೆ ಬಾಗಿಲಿನ ಸಂದಿಯಿಂದ ಹೊಗೆಯೆಲ್ಲ ಮೆಟ್ಟಿಲಿಗೆ ನುಗ್ಗುತ್ತಿತ್ತು. ಮೀನು ಮತ್ತು ಅತ್ತರು ಒಂದಕ್ಕೊಂದು ಕೈಹಿಡಿದು ಮಾಳಿಗೆಯಿಂದ ಮಾಳಿಗೆಗೆ ಹತ್ತುತ್ತಿದ್ದವು. ಮೆಟ್ಟಿಲು ಹತ್ತುವಾಗ ನನಗೇ ತಲೆ ತಿರುಗುತ್ತಿತ್ತು. ಮೂಗಿಗಿಂತ ಹೆಚ್ಚು ನೆನಪು ತಿರುಗುತ್ತಿತ್ತು. ಮಲ್ಲಿಗೆ ಮುಡಿದ ಬಂಗುಡೆ, ನೋಡಿ, ಇಲ್ಲಿಯವರೆಗೆ ಬಂತು.

ಒಂದು ಸಂಜೆ ಊಟಕ್ಕೆ ಕೂತಾಗ ಅಳಿಯ ಮಾತು ತೆಗೆದ.

"ಮೇಲಿನವರು ಕಂಪ್ಲೇಂಟ್ ಮಾಡಿದಾರೆ ಅತ್ತೆ. ಭಾನುವಾರ ಹಿತ್ತಲಲ್ಲಿ ಎಲ್ಲರೂ ಸೇರಿ ಮಾತಾಡ್ಬೇಕಂತೆ. ನಾವೂ ಹೇಳೋದೇ. ಸ್ಟೇರ್‌ಕೇಸಲ್ಲಿ ಉಸಿರಾಡಕ್ಕಾಗಲ್ಲ."

"ಹೇಳಿದರೆ ಅವರನ್ನು ಬಿಡಿಸ್ತಾರಾ?"

"ಅದು ಓನರ್‌ಗೆ ಬಿಟ್ಟಿದ್ದು. ನಾವು ಯಾರನ್ನೂ ಕೀಳಾಗಿ ನೋಡ್ತಿಲ್ಲ ಅತ್ತೆ. ಬಟ್ ಹೈಜೀನ್ ಅನ್ನೋದೊಂದು ಇದೆ ಅಲ್ವಾ? ಅವರು ಅಡ್ಜಸ್ಟ್ ಆಗ್ಬೇಕು. ನಾವು ಆಗ್ಲಿಲ್ವಾ?"

ನಾನು ಮಗಳ ಮುಖ ನೋಡಿದೆ. ಅವಳು ಚಪಾತಿ ಹರಿಯುತ್ತಿದ್ದಳು. ಬೊಂಬಾಯಿಯ ಚಾಳಿನಲ್ಲಿ ಒಣಸಿಗಡಿ ಚಟ್ನಿ ಇಲ್ಲದೆ ಅನ್ನ ಮುಟ್ಟದೆ ಹಠ ಹಿಡಿಯುತ್ತಿದ್ದ ಹುಡುಗಿ. ಮೆಟ್ಟಿಲಿನ ವಾಸನೆಯಲ್ಲಿ ಬಂಗುಡೆ ಇದೆ ಎಂದು ಅವಳ ಮೂಗಿಗೆ ಗೊತ್ತಾಗಲಿಲ್ಲವೇ? ಆಗಿತ್ತು. ಗಂಡ ಕೈತೊಳೆಯಲು ಎದ್ದಾಗ ನನ್ನ ಕಿವಿಯಲ್ಲಿ ಹೇಳಿದಳು:

"ಕೆಳಗ್ ಹೋಯ್ ಎಂತ ಮಾಡ್ತೆ ಅಂದೇಳಿ ನಂಗೊತ್ತಿತ್ತ್. ಇವ್ರಿಗೆ ಹೇಳೂಕ್ ಹೋಗ್ಬೇಡ ಮಾರಾಯ್ತಿ."

ಅಂದರೆ ಗೊತ್ತಿದ್ದೇ ಆ ಇಬ್ಬರು ಹೆಂಗಸರ ತಲೆಗೆ ಕಟ್ಟುವುದು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ನೋಡಿ ನನಗೆ ಓಕರಿಕೆ ಬಂದದ್ದು ಅದೇ ಮೊದಲು.

ಭಾನುವಾರ ಹಿತ್ತಲಲ್ಲಿ ಬಿಸಿಲು. ಜರ್ಮನ್ ಗಂಡಹೆಂಡತಿ ಇದ್ದಿಲಿನ ಒಲೆ ಹೊತ್ತಿಸಿ ಹಂದಿಯ ಸಾಸೇಜು ಸುಡುತ್ತಿದ್ದರು. ಆ ಹೊಗೆ ಮೂರು ಮಾಳಿಗೆಗೆ ಏರುತ್ತಿತ್ತು. ಅದಕ್ಕೆ ಯಾರೂ ವಾಸನೆ ಎನ್ನಲಿಲ್ಲ, ಅದು ಬೇಸಿಗೆ. ಮೇಜಿನ ಮೇಲೆ ಮನೆಯೊಡತಿ ಮಾಡಿದ ಕೇಕು. ಹೋದನ್ ಮತ್ತು ಸಹ್ರಾ ಒಳ್ಳೆಯ ಬಟ್ಟೆ ಉಟ್ಟು, ನಮ್ಮ ಸಮೋಸದಂಥ ಸಂಬೂಸಾ ಕರಿದು ತಟ್ಟೆಯಲ್ಲಿ ತಂದು, ಬೆಂಚಿನ ತುದಿಯಲ್ಲಿ ಅಂಟಿಕೊಂಡು ಕೂತಿದ್ದರು. ಸಂಬೂಸಾ ಯಾರೂ ಮುಟ್ಟಲಿಲ್ಲ. ಅಳಿಯನೂ ಮುಟ್ಟಲಿಲ್ಲ, ಒಳಗೆ ಮಾಂಸ ಇರಬಹುದಲ್ಲ. ಮಾತು ಶುರುವಾಯಿತು. ನನಗೆ ಜರ್ಮನ್ ಬರುವುದಿಲ್ಲ, ಆದರೆ ಗೆರುಖ್ ಎಂಬ ಒಂದು ಮಾತು ಗೊತ್ತಾಗಿತ್ತು. ಅದಕ್ಕೆ ವಾಸನೆ ಎಂದರ್ಥ. ಆ ದಿನಗಳಲ್ಲಿ ಆ ಮನೆಯಲ್ಲಿ ಅದನ್ನು ಅಷ್ಟು ಸಲ ಆಡಿದ್ದರು. ನಮ್ಮ ಮೇಲಿನ ಮನೆಯ ಜರ್ಮನ್ ಹೆಂಗಸು ಗೆರುಖ್ ಎಂದಳು. ಅಳಿಯ ಗೆರುಖ್ ಎಂದ. ಮನೆಯೊಡತಿ ಹೋದನ್ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಗೆರುಖ್ ಎಂದಳು. ಹೋದನ್ ತಲೆ ತಗ್ಗಿಸಿದಳು. ನಾನು ಅವಳನ್ನೇ ನೋಡುತ್ತಿದ್ದೆ, ನಿಜ ಹೇಳುತ್ತಾಳೆಯೇ ಎಂದು. ಹೇಳಲಿಲ್ಲ. ಕ್ಷಮಿಸಿ ಎಂದಳು. ಅವಳ ಮನೆಯಲ್ಲಿ ಉಂಡ ಮುದುಕಿಯ ಹೆಸರನ್ನು ಅವಳು ಹೇಳುವುದಿಲ್ಲ. ಸಹ್ರಾ ಕೂಡ ಬಾಯಿ ಬಿಡಲಿಲ್ಲ, ಒಂಟೆಯ ಜಂಬದವಳು.

ನಾನು ಮಗಳ ತೋಳು ತಟ್ಟಿದೆ.

"ಹೇಳ್ ಅವ್ಳಿಗೆ. ಆ ವಾಸ್ನಿ ನಂದ್, ಆ ಮೀನ್ ನಂದ್ ಅಂದೇಳಿ ಹೇಳ್."

"ಅಮ್ಮ, ಸುಮ್ನೆ ಕೂಕೋ. ಮನಿಗ್ ಹೋಯ್ ಮಾತಾಡುವ."

"ಹೇಳ್ತ್ಯೋ ಇಲ್ಯೋ?"

ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ಮಗಳು ಜರ್ಮನಿನಲ್ಲಿ ಏನೋ ಹೇಳಿದಳು. ಮನೆಯೊಡತಿ ನನ್ನ ಕೈ ತಟ್ಟಿ ನಕ್ಕು, ಕೇಕಿನ ಇನ್ನೊಂದು ತುಂಡು ನನ್ನ ತಟ್ಟೆಗೆ ಹಾಕಿದಳು. ಆಗಲೇ ಗೊತ್ತಾಯಿತು ಮಗಳು ಸುಳ್ಳು ಹೇಳಿದಳೆಂದು. ನನ್ನ ಮಾತು ಕೇಳಿ ಇಷ್ಟು ವರ್ಷದಲ್ಲಿ ಯಾರೂ ಹಾಗೆ ನಕ್ಕದ್ದಿಲ್ಲ. ಕೇಕು ರುಚಿಯಾಗಿದೆ ಎಂದು ಅಮ್ಮ ಹೇಳುತ್ತಿದ್ದಾರೆ ಎಂದಿದ್ದಳಂತೆ.

ನಾನು ಎದ್ದೆ. ಹೋದನ್‌ಳ ಅಡುಗೆಮನೆಗೆ ಹೋಗಿ ಡಬ್ಬ ತಂದೆ. ಎಲ್ಲದಕ್ಕಿಂತ ದೊಡ್ಡ ಬಂಗುಡೆಯ ಬಾಲ ಹಿಡಿದು ತೆಗೆದು, ಇದ್ದಿಲಿನ ಒಲೆಯ ಮೇಲೆ, ಸಾಸೇಜುಗಳ ಪಕ್ಕದಲ್ಲಿ ಮಲಗಿಸಿದೆ. ಒಣಬಂಗುಡೆಗೆ ಕೆಂಡ ತಾಗಿದರೆ ಹೇಳುವುದು ಬೇಡ. ಎಣ್ಣೆ ಬಿಟ್ಟು ಚುರುಗುಟ್ಟಿತು, ಹೊಗೆ ಎದ್ದು ನೇರ ಮೇಜಿನ ಮೇಲೆ ಬಂತು. ಜರ್ಮನ್ ಗಂಡಸು ಕುರ್ಚಿಯೊಡನೆ ಹಿಂದೆ ಸರಿದ. ನಾಯಿ ಓಡಿ ಬಂತು, ಅದಕ್ಕೆ ಬುದ್ಧಿ ಇತ್ತು. ಅಳಿಯ ಕರವಸ್ತ್ರ ಬಾಯಿಗೆ ಒತ್ತಿದ. ಸಹ್ರಾ ಎಂದಿನಂತೆ ತಲೆವಸ್ತ್ರದ ತುದಿ ಮೂಗಿಗೆ ಎಳೆದಳು. ಮನೆಯೊಡತಿ ಕೈಬೆರಳು ಚಾಚಿ, "ದಾಸ್! ದಾಸ್!" ಎಂದು ಕೂಗಿದಳು. ಇದೇ, ಇದೇ ಎಂದರ್ಥ. ನಾನು ಎದೆ ಬಡಿದುಕೊಂಡು, ಮೊಮ್ಮಗಳು ಆಟಿಕೆ ಕಿತ್ತುಕೊಳ್ಳುವಾಗ ದಿನವೂ ಹೇಳುವ ಮಾತು ಹೇಳಿದೆ:

"ಮೈನ್!"

ನನ್ನದು. ಅದಕ್ಕೆ ಯಾರ ತರ್ಜುಮೆಯೂ ಬೇಕಾಗಲಿಲ್ಲ. ಮಗಳು ಎದ್ದು ನಿಂತಳು, ಗಂಡ ಎದುರಿದ್ದ ಎಂಬುದೂ ಮರೆತುಹೋಯಿತು ಅವಳಿಗೆ.

"ನನ್ ಮರ್ಯಾದಿ ತೆಗ್ದೆ ನೀನ್! ಇಷ್ಟ್ ಜನದ್ ಎದ್ರಿಗೆ!"

"ನಿನ್ ಮರ್ಯಾದಿ ಇದ್ರಿಂದ್ಲೇ ಬಂದದ್ದ್. ಮೂಸ್ ಕಾಂಬ, ನಿನ್ ಕಾಲೇಜಿನ್ ಫೀಸ್ ವಾಸ್ನಿ ಬತ್ತಿತ್ತ್."

ಅಳಿಯನಿಗೆ ನಮ್ಮ ಭಾಷೆ ಅರ್ಧ ಗೊತ್ತಾಗುತ್ತದೆ. ಅರ್ಧವೇ ಸಾಕಾಯಿತು. ಅವನು ಒಮ್ಮೆ ಹೆಂಡತಿಯನ್ನು, ಒಮ್ಮೆ ಬಂಗುಡೆಯನ್ನು ನೋಡಿದ. ಹೋದನ್ ಮಾತ್ರ ತಲೆ ಎತ್ತಿರಲಿಲ್ಲ. ಅವಳ ಭುಜ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ನಗು ತಡೆಯುತ್ತಿದ್ದಳು.

ಈಗ ಕೇಳಿ, ನನಗೆ ನಿಜವಾಗಿ ಹೇಸಿಗೆಯಾದದ್ದು ಯಾವಾಗ ಎಂದು. ನನ್ನನ್ನು ಬೈಯುತ್ತಾರೆ, ಮೀನು ಎಸೆಯುತ್ತಾರೆ, ಮಗಳ ಮನೆಯನ್ನೇ ಖಾಲಿ ಮಾಡಿಸುತ್ತಾರೆ ಎಂದು ಸೊಂಟ ಕಟ್ಟಿ ನಿಂತಿದ್ದೆ. ಮನೆಯೊಡತಿಗೆ ಮಗಳು ಬೇರೆ ದಾರಿಯಿಲ್ಲದೆ ಎಲ್ಲ ಹೇಳಿದಳು. ಮೀನು ಅಮ್ಮನದು, ಹೊಗೆ ಆ ಮೀನನ್ನು ಓಡಿಸಲು ಹಾಕಿದ್ದು. ಮುದುಕಿ ಕೇಳಿದಳು, ನನ್ನನ್ನು ನೋಡಿದಳು, ಮುಖ ಸಡಿಲವಾಯಿತು. ಓ, ನಿಮ್ಮ ತಾಯಿಯದಾ? ಹಳೆಯ ಕಾಲದವರು, ಊರಿನ ರುಚಿ ಬಿಡಲಾಗುವುದಿಲ್ಲ, ನಮ್ಮ ಅಜ್ಜಿಯೂ ಮೀನಿಗೆ ಹೊಗೆ ಹಾಕುತ್ತಿದ್ದಳು ಎಂದಳಂತೆ. ಸ್ವಲ್ಪ ಕಿಟಕಿ ತೆಗೆದಿಡಲು ಹೇಳಿ ಎಂದಳಂತೆ. ಅ‌ಷ್ಟೇ! ಅದೇ ವಾಸನೆ. ಸೊಮಾಲಿ ಹೆಂಗಸರದ್ದಾಗಿದ್ದಾಗ ಅದಕ್ಕೆ ಸಭೆ ಬೇಕಿತ್ತು, ಮನೆ ಬಿಡಿಸಬೇಕಿತ್ತು. ಬ್ಲೂ ಕಾರ್ಡಿನವರ ಅಮ್ಮನದಾದ ಕೂಡಲೇ ಅದು ಊರಿನ ರುಚಿಯಾಯಿತು. ಮೇಲಿನ ಹೆಂಗಸು ಒಂದು ಚೂರು ಬಂಗುಡೆ ಮುರಿದು ಬಾಯಿಗೆ ಹಾಕಿ, ಕಣ್ಣಲ್ಲಿ ನೀರು ತಂದುಕೊಂಡು, ಬಹಳ ಚೆನ್ನಾಗಿದೆ ಎಂದಳು. ಲಾರಿ ಸಾಹುಕಾರನ ಮಗಳು ಮೊದಲ ಬೆಂಚಿನಲ್ಲಿ ಕೂತು ನಾರುತ್ತಿದ್ದದ್ದು ನನ್ನ ಕಣ್ಣಮುಂದೆ ಬಂತು. ಈ ಸಲ ಲಾರಿ ನಮ್ಮದು. ಥೂ. ಗೆದ್ದದ್ದಕ್ಕೆ ಅಷ್ಟು ಹೇಸಿಗೆ ನನಗೆ ಎಂದೂ ಆಗಿರಲಿಲ್ಲ.

ಆದರೂ ಹೋದನ್‌ಗೆ ಮನೆ ಉಳಿಯಿತು. ಉಳಿದದ್ದು ಯಾವ ಕಾರಣಕ್ಕೇ ಆಗಲಿ, ಬಚ್ಚಲಿಗೆ ಚಿಲಕ ಇದೆ. ಅಳಿಯ ನನ್ನೊಡನೆ ಮಾತು ಬಿಡಲಿಲ್ಲ, ಅವನು ಬಿಟ್ಟದ್ದು ಬಾಂಬೆ ಬಿಸಿನೆಸ್ಸಿನ ಮಾತು. ಮಗಳು ನಾನು ವಿಮಾನ ಹತ್ತುವವರೆಗೆ ಬೆಂಗಳೂರಿನ ಕನ್ನಡದಲ್ಲಿ, ಬನ್ನಿ ಹೋಗಿ ಎಂದೇ ಮಾತಾಡಿದಳು. ಬಹುವಚನದಲ್ಲಿ ಹೊಡೆಯುವುದನ್ನು ಎಲ್ಲಿ ಕಲಿತಳೋ.

ಮುಂದಿನ ಸಲ ಹೋದಾಗ ಇಫ್ರಾ ಬಂದಿದ್ದಳು. ಉದ್ದ ಕಾಲು, ಗಂಟು ಮುಖ, ತಾಯಿಯನ್ನೇ ಗುರುತು ಹಿಡಿಯದವಳ ಹಾಗೆ ದೂರ ಕೂರುವ ಹುಡುಗಿ. ಅವಳು ಮೊದಲ ಸಲ ಶಾಲೆಗೆ ಹೊರಟ ಬೆಳಿಗ್ಗೆ ನಾನು ಕೆಳಗಿಳಿದಿದ್ದೆ. ಸಹ್ರಾ ಕೆಂಡದ ಒಲೆ ಇಟ್ಟು, ಊನ್ಸಿ ಉದುರಿಸಿ, ಹುಡುಗಿಯ ಅಂಗಿಯನ್ನು ಅದರ ಮೇಲೆ ಹಿಡಿದಳು. ಆಮೇಲೆ ಹುಡುಗಿಯನ್ನೇ ಬಗ್ಗಿಸಿ ಕೂದಲಿಗೆ ಹೊಗೆ ಹಿಡಿಸಿದಳು. ಹೋದನ್ ಪಕ್ಕದಲ್ಲಿ ನಿಂತು ಮಗಳ ತಲೆವಸ್ತ್ರ ಸರಿಮಾಡುತ್ತಿದ್ದಳು. ನನ್ನ ಕೆನ್ನೆ ಉರಿಯಿತು, ಅಬ್ಬಿ ಬಾರಿಸಿದ್ದ ಜಾಗ.

"ಹಾಕಬೇಡಿ. ಅಲ್ಲಿ ಮಕ್ಕಳು ನಗುತ್ತಾರೆ" ಎಂದೆ.

"ಹಾಕದಿದ್ದರೆ ನಗುವುದಿಲ್ಲವಾ ಅಯೇಯೋ?" ಎಂದಳು ಹೋದನ್.

ಇಫ್ರಾಳ ಹತ್ತಿರ ಹೋಗಿ ತಲೆ ಮೂಸಿದೆ. ಎರಡು ಸೀನು ಬಂತು. ಹುಡುಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಎರಡು ಬೆರಳಲ್ಲಿ ತನ್ನ ಮೂಗು ಹಿಡಿದಳು.

"ಮಚ್ಛೀ" ಎಂದಳು, ಅಮ್ಮನ ಹಾಗೆ ಸಿನಿಮಾದ ಹಿಂದಿಯಲ್ಲಿ. ಮೀನು ಎಂದರ್ಥ.

ಹೋದನ್ ಅವಳ ಕೈ ಎಳೆಯಲು ಹೋದಳು, ನಾನು ಬಿಡಲಿಲ್ಲ. ಎಂಥ ಜಂಬ! ಒಂಟೆಯವರ ಮೊಮ್ಮಗಳು. ಈ ಮೂಗನ್ನು ಯಾರೂ ಬಾಗಿಲ ಬುಡದಲ್ಲಿ ಸುಲಭಕ್ಕೆ ಕೂರಿಸಲಾರರು.

"ಹೌದು, ನಾನು ನಾರುತ್ತೇನೆ. ನೀನೂ ನಾರುತ್ತಿ. ಹೋಗು, ಮುಂದಿನ ಬೆಂಚಿನಲ್ಲಿ ಕೂತುಕೋ" ಎಂದು ಮೀನು ಮಾರ್ಕೆಟಿನ ಹಿಂದಿಯಲ್ಲಿ ಹೇಳಿ, ಬೆನ್ನಿಗೆ ಒಂದು ಗುದ್ದು ಹಾಕಿ ಹೊರಗೆ ದಬ್ಬಿದೆ.